ಅಂಕ ಬಂದ ಮೇಲೆ ಶುರುವಾಗುವ ಪರೀಕ್ಷೆ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಒಂದು ತರಗತಿಯ ಕೆಲವು ವಿದ್ಯಾರ್ಥಿಗಳಿಗೆ ಹೀಗೊಂದು ಕೆಲಸ ಕೊಟ್ಟರು: ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರನ್ನು ಅದರ ಮಾಮೂಲಿ ಬೆಲೆಯ ನೂರನೇ ಒಂದು ಪಾಲಿಗಿಂತ ಕಡಿಮೆ ಖರ್ಚಿನಲ್ಲಿ ಮಾಡಿ ತೋರಿಸಬೇಕು. ಮಾಮೂಲಿ ಬೆಲೆ ಆಗ ಸುಮಾರು 20,000 ಡಾಲರ್. ತಂಡದಲ್ಲಿದ್ದ ಜೇನ್ ಚೆನ್, ಲೈನಸ್ ಲಿಯಾಂಗ್, ರಾಹುಲ್ ಪಣಿಕರ್, ನಾಗಾನಂದ ಮೂರ್ತಿ ಇವರಲ್ಲಿ ಯಾರೂ ವೈದ್ಯರಲ್ಲ. ಒಬ್ಬರು ಎಂಬಿಎ, ಉಳಿದವರು ಎಂಜಿನಿಯರಿಂಗ್, ಕಂಪ್ಯೂಟರ್ ಅಂತ ಓದುತ್ತಿದ್ದವರು.

ಅಂಥ ತಂಡ ಸಾಮಾನ್ಯವಾಗಿ ಏನು ಮಾಡುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಗಾಜಿನ ಬದಲು ಅಗ್ಗದ ಪ್ಲಾಸ್ಟಿಕ್, ದುಬಾರಿ ಸೆನ್ಸರ್ ಬದಲು ಅಗ್ಗದ ಸೆನ್ಸರ್ ಹಾಕಿ, ಸೆಮಿಸ್ಟರ್ ಕೊನೆಗೆ ಒಂದು ಮಾದರಿ ನಿಲ್ಲಿಸಿ, ಅಂಕ ತೆಗೆದುಕೊಂಡು ಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಲಿಯಾಂಗ್ ನೇಪಾಳಕ್ಕೆ ಹೋಗಿ ಕಠ್ಮಂಡುವಿನ ಆಸ್ಪತ್ರೆಯೊಂದರಲ್ಲಿ ಸುತ್ತಾಡಿ ಬಂದರು. ಅಲ್ಲಿ ದಾನವಾಗಿ ಬಂದ ಇನ್‌ಕ್ಯುಬೇಟರ್‌ಗಳಿದ್ದವು, ಆದರೆ ಎಷ್ಟೋ ಖಾಲಿ ಬಿದ್ದಿದ್ದವು. ಕಾರಣ ಕೇಳಿದಾಗ ವೈದ್ಯರು ಹೇಳಿದ್ದು ಸರಳ ಸಂಗತಿ: ಈ ಯಂತ್ರ ಯಾರಿಗೆ ಬೇಕೋ ಆ ಮಕ್ಕಳು ಹುಟ್ಟುವುದು ದೂರದ ಹಳ್ಳಿಗಳಲ್ಲಿ. ಆಸ್ಪತ್ರೆ ಮುಟ್ಟುವ ಮೊದಲೇ ತಣ್ಣಗಾಗಿ ತೀರಿಹೋಗುತ್ತಾರೆ.

ಮೇಷ್ಟ್ರು ಕೊಟ್ಟ ಪ್ರಶ್ನೆಯೇ ತಪ್ಪಿತ್ತು. ಅಗ್ಗದ ಇನ್‌ಕ್ಯುಬೇಟರ್ ಮಾಡಿದ್ದರೆ ಖಾಲಿ ಬಿದ್ದಿರುವ ಯಂತ್ರಗಳ ಸಾಲಿಗೆ ಇನ್ನೊಂದು ಸೇರುತ್ತಿತ್ತು, ಅಷ್ಟೆ. ಈ ತಂಡ ಪ್ರಶ್ನೆಯನ್ನೇ ಬದಲಿಸಿಕೊಂಡಿತು. ಕರೆಂಟಿಲ್ಲದ ಮನೆಯಲ್ಲಿ, ತಾಯಿಯ ಕೈಯಲ್ಲೇ, ಕೂಸು ಬೆಚ್ಚಗಿರುವಂತೆ ಮಾಡುವುದು ಹೇಗೆ? ಅದರ ಉತ್ತರವಾಗಿ ಹುಟ್ಟಿದ್ದೇ 'ಎಂಬ್ರೇಸ್' ಎಂಬ ಪುಟ್ಟ ಮಲಗುಚೀಲ.

ಬೆಚ್ಚಗಿರುವುದು ಅಷ್ಟು ದೊಡ್ಡ ವಿಷಯವೇ ಎಂದು ಕೇಳಬಹುದು. ಮೂವತ್ತೇಳು ವಾರ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಚರ್ಮದಡಿಯ ಕೊಬ್ಬು ಇನ್ನೂ ಕೂಡಿರುವುದಿಲ್ಲ. ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಬಹಳ ಹೆಚ್ಚು, ಹಾಗಾಗಿ ಕಾವು ಸರಸರನೆ ಸೋರಿಹೋಗುತ್ತದೆ. ನಮ್ಮ ಹಾಗೆ ನಡುಗಿ ಮೈ ಬಿಸಿಮಾಡಿಕೊಳ್ಳುವುದು ಹಸುಗೂಸಿಗೆ ಬರುವುದಿಲ್ಲ. ಕಂದುಕೊಬ್ಬು ಎಂಬ ವಿಶೇಷ ಕೊಬ್ಬನ್ನು ಉರಿಸಿ ಅದು ಕಾವು ಹುಟ್ಟಿಸಿಕೊಳ್ಳಬೇಕು, ಅದೂ ದಿನ ತುಂಬದ ಮಗುವಿನಲ್ಲಿ ಕಡಿಮೆ. ಮೈಯ ಉಷ್ಣತೆ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಶೀತಾಘಾತದ ಶುರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕುತ್ತದೆ. ಅಲ್ಲಿಂದ ಮುಂದೆ ಮಗುವಿನ ಶಕ್ತಿಯೆಲ್ಲ ಕಾವಿಗೇ ಖರ್ಚಾಗುತ್ತದೆ. ರಕ್ತದ ಸಕ್ಕರೆ ಇಳಿಯುತ್ತದೆ, ಹಾಲು ಎಳೆಯಲು ತ್ರಾಣವಿರುವುದಿಲ್ಲ, ಸೋಂಕು ತಗಲುವುದೂ ಸುಲಭ. (ಹುಟ್ಟಿದ ಕೂಡಲೇ ಮಗುವಿಗೆ ಎರೆಯುವ ನಮ್ಮ ಕೆಲವು ಮನೆಗಳ ಪದ್ಧತಿಯನ್ನು ವೈದ್ಯರು ಬೇಡವೆನ್ನುವುದು ಇದೇ ಕಾರಣಕ್ಕೆ. ಕನಿಷ್ಠ ಒಂದು ದಿನ ಕಾಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.)

ವಿದ್ಯಾರ್ಥಿಗಳ ಚೀಲದ ಗುಟ್ಟು ಒಂದು ಬಗೆಯ ಮೇಣದಲ್ಲಿದೆ. ಚಳಿಗಾಲದ ಬೆಳಿಗ್ಗೆ ಗಟ್ಟಿಯಾದ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿದವರಿಗೆ ಇದರ ತತ್ತ್ವ ಹೊಸದಲ್ಲ. ಗಟ್ಟಿ ವಸ್ತು ಕರಗುವಾಗ ಕಾವನ್ನು ಒಳಗೆಳೆದುಕೊಳ್ಳುತ್ತದೆ, ಮತ್ತೆ ಹೆಪ್ಪುಗಟ್ಟುವಾಗ ಅದನ್ನೇ ಹೊರಗೆ ಬಿಡುತ್ತದೆ. ಹಾಗೆ ಬಿಡುತ್ತಿರುವಷ್ಟು ಹೊತ್ತೂ ಅದರ ಉಷ್ಣತೆ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಕರಗುವುದು ಇಪ್ಪತ್ತನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ, ಎಂಬ್ರೇಸ್‌ನ ಮೇಣ ಮೂವತ್ತೇಳರ ಆಸುಪಾಸಿನಲ್ಲಿ, ಅಂದರೆ ಮನುಷ್ಯನ ಮೈಕಾವಿನಲ್ಲಿ. ಮೇಣ ತುಂಬಿದ ದಿಂಬನ್ನು ಬಿಸಿಮಾಡಿ ಚೀಲದ ಬೆನ್ನಿಗೆ ಸೇರಿಸಿದರೆ ನಾಲ್ಕರಿಂದ ಆರು ಗಂಟೆ ಮಗು ಬೆಚ್ಚಗಿರುತ್ತದೆ. ಆಸ್ಪತ್ರೆಗಾಗಿ ಕರೆಂಟಿನ ಹೀಟರ್‌ನಲ್ಲಿ ಕಾಯಿಸುವ ಮಾದರಿ ಬಂತು, ಕರೆಂಟಿಲ್ಲದ ಕಡೆಗೆ ಬಿಸಿನೀರಿನಲ್ಲಿ ಕಾಯಿಸುವ ಇನ್ನೊಂದು.

ಈ ಕಥೆಗೆ ಕರ್ನಾಟಕದ ನಂಟು ಗಟ್ಟಿಯಾಗಿಯೇ ಇದೆ. ಓದು ಮುಗಿದ ಮೇಲೆ ತಂಡದವರು ಕ್ಯಾಲಿಫೋರ್ನಿಯಾದಲ್ಲಿ ಕೂರದೆ ಬೆಂಗಳೂರಿಗೆ ಬಂದು ನೆಲೆಯೂರಿದರು. 2009ರ ನವೆಂಬರ್‌ನಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ನಡೆದ ಟೆಡ್ ಇಂಡಿಯಾ ಸಮ್ಮೇಳನದಲ್ಲಿ ಜೇನ್ ಚೆನ್ ಈ ಚೀಲವನ್ನು ಜಗತ್ತಿಗೆ ತೋರಿಸಿದರು. ಬೆಲೆ 25 ಡಾಲರ್ ಎಂದರು, ಚಪ್ಪಾಳೆ ಬಿತ್ತು.

ಅಲ್ಲಿಗೆ ಬರಹ ಮುಗಿಸಿದರೆ ನಾವೆಲ್ಲ ಓದಿ ಮರೆಯುವ ಸ್ಫೂರ್ತಿಕಥೆಗಳಲ್ಲಿ ಇದೂ ಒಂದಾಗುತ್ತದೆ. ನನಗೆ ಮುಖ್ಯವೆನಿಸುವುದು ಚಪ್ಪಾಳೆಯ ನಂತರದ್ದು.

ಮಾದರಿಯನ್ನು ಹಿಡಿದು ಮಹಾರಾಷ್ಟ್ರದ ಹಳ್ಳಿಯೊಂದಕ್ಕೆ ಹೋದಾಗ ಪಣಿಕರ್ ತಾಯಿಯೊಬ್ಬರನ್ನು ಮಾತಿಗೆಳೆದರು. ಆಗಿನ ಮಾದರಿಯಲ್ಲಿ ಥರ್ಮಾಮೀಟರಿನಂತೆ ಅಂಕಿಗಳ ಪಟ್ಟಿ ಇತ್ತು, ಮೂವತ್ತೇಳಕ್ಕೆ ಬರುವವರೆಗೆ ಕಾಯಿಸಬೇಕಿತ್ತು. ಆ ತಾಯಿ ಹೇಳಿದ್ದರ ಸಾರ ಇದು: ಇಂಗ್ಲಿಷ್ ಔಷಧ ತುಂಬ ಪವರ್, ಡಾಕ್ಟರು ಒಂದು ಚಮಚ ಅಂದರೆ ನಾವು ಅರ್ಧ ಚಮಚ ಕೊಡುತ್ತೇವೆ, ಇದನ್ನೂ ಮೂವತ್ತೇಳರ ತನಕ ಕಾಯಿಸದೆ ಮೂವತ್ತಕ್ಕೇ ನಿಲ್ಲಿಸುತ್ತೇವೆ. ಆಕೆಯ ಮಾತಿನಲ್ಲಿ ದಡ್ಡತನವೇನೂ ಇಲ್ಲ. ಕೂಸಿನ ವಿಷಯದಲ್ಲಿ ಎಚ್ಚರವಾಗಿರುವ ಯಾವ ತಾಯಿಯೂ ಹಾಗೆಯೇ ಯೋಚಿಸುತ್ತಾಳೆ. ಆದರೆ ಆ ಎಚ್ಚರವೇ ಮಗುವಿಗೆ ಮುಳುವಾಗುತ್ತಿತ್ತು. ಲ್ಯಾಬಿನಲ್ಲಿ ಎಷ್ಟು ಪರೀಕ್ಷೆ ಮಾಡಿದ್ದರೂ ಈ ದೋಷ ಕಾಣುತ್ತಿರಲಿಲ್ಲ. ತಂಡ ಅಂಕಿಗಳನ್ನೆಲ್ಲ ತೆಗೆದುಹಾಕಿ, ಕಾವು ಸರಿಯಿದೆ ಅಥವಾ ಇಲ್ಲ ಎಂದಷ್ಟೇ ತೋರಿಸುವ ಗುರುತು ಇಟ್ಟಿತು.

ಆಮೇಲಿನದು ಹಣದ ಕಥೆ, ಅಷ್ಟು ಸೊಗಸಾದುದಲ್ಲ. 25 ಡಾಲರ್ ಎಂದಿದ್ದ ಬೆಲೆ ಮಾರುಕಟ್ಟೆಗೆ ಬರುವ ಹೊತ್ತಿಗೆ 200ರ ಸುತ್ತ ಬಂದು ನಿಂತಿತು. ತರಗತಿಯ ಮಾದರಿ ಬೇರೆ, ಸಾವಿರಾರು ಮಕ್ಕಳ ಮೈಗೆ ತಗಲುವ, ತೊಳೆದು ತೊಳೆದು ಬಳಸುವ, ಪ್ರಮಾಣಪತ್ರ ಪಡೆಯಬೇಕಾದ ವೈದ್ಯಕೀಯ ಸಾಧನ ಬೇರೆ. ಇನ್ನೂ ದೊಡ್ಡ ತೊಡಕೆಂದರೆ, ಇದು ಯಾರಿಗೆ ಬೇಕೋ ಅವರು ಕೊಳ್ಳುವವರಲ್ಲ, ಕೊಳ್ಳಬೇಕಾದ ಸರಕಾರಗಳು ಟೆಂಡರ್‌ನ ಗತಿಯಲ್ಲಿ ಹೆಜ್ಜೆ ಇಡುತ್ತವೆ. ತಂಡ ಕಟ್ಟಿದ ಸಂಸ್ಥೆ 2012ರಲ್ಲಿ ಸೇವಾಸಂಸ್ಥೆ ಒಂದು ಕಡೆ, ವ್ಯಾಪಾರಿ ಕಂಪನಿ ಇನ್ನೊಂದು ಕಡೆ ಎಂದು ಎರಡಾಯಿತು. ಏಳುಬೀಳುಗಳಾದವು, ಕೈ ಬದಲಾಯಿತು. ಆದರೂ ಚೀಲ ಸಾಯಲಿಲ್ಲ. 2022ರಲ್ಲಿ ಯುದ್ಧ ಶುರುವಾದ ಮೇಲೆ ಉಕ್ರೇನಿನ ಆಸ್ಪತ್ರೆಗಳಿಗೂ ಹೋಯಿತು. ಹತ್ತು ಲಕ್ಷದಷ್ಟು ಮಕ್ಕಳಿಗೆ ಇದು ನೆರವಾಗಿದೆ ಎಂಬುದು ಅದನ್ನು ಹುಟ್ಟುಹಾಕಿದವರ ಲೆಕ್ಕ.

ಇಲ್ಲೊಂದು ಮಾತು ಸೇರಿಸದಿದ್ದರೆ ಅನ್ಯಾಯವಾಗುತ್ತದೆ. ಮಗುವನ್ನು ಬೆಚ್ಚಗಿಡಲು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಬಲವಾದ ಸಾಧನ ತಾಯಿಯ ಎದೆ. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಡಾ. ಎಡ್ಗರ್ ರೇ, ಇನ್‌ಕ್ಯುಬೇಟರ್ ಸಾಲದೆ ಒಂದರಲ್ಲೇ ಹಲವು ಮಕ್ಕಳನ್ನು ಮಲಗಿಸಬೇಕಾದ ಪರಿಸ್ಥಿತಿಯಲ್ಲಿ, ಮಗುವನ್ನು ತಾಯಿಯ ಬರಿಯೆದೆಗೆ ಅವುಚಿ ಕಟ್ಟುವ ಕ್ರಮ ಶುರುಮಾಡಿದರು. ಅದೇ ಇಂದಿನ ಕಾಂಗರೂ ಆರೈಕೆ. ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಸಿಕ್ಕ ಕಡಿಮೆ ತೂಕದ ಮಕ್ಕಳಲ್ಲಿ 28 ದಿನದೊಳಗಿನ ಸಾವು ನೂರಕ್ಕೆ 12 ಇದ್ದರೆ, ಮಾಮೂಲಿ ಆರೈಕೆಯಲ್ಲಿ 15.7 ಇತ್ತು. ನಮ್ಮ ಕೊಪ್ಪಳ ಜಿಲ್ಲೆ ಕೂಡ ಇದನ್ನು ಜಿಲ್ಲೆಯುದ್ದಕ್ಕೂ ಜಾರಿಗೆ ತರುವುದು ಹೇಗೆಂಬ ಸಂಶೋಧನೆಯ ಕಣವಾಗಿತ್ತು. ಹಾಗಾದರೆ ಚೀಲವೇಕೆ? ತಾಯಿಗೆ ಜ್ವರ ಬಂದಾಗ, ಆಪರೇಷನ್ ಆಗಿ ಮಲಗಿದ್ದಾಗ, ಮಗುವನ್ನು ಆಂಬುಲೆನ್ಸ್‌ನಲ್ಲಿ ಬೇರೆ ಆಸ್ಪತ್ರೆಗೆ ಒಯ್ಯುವಾಗ. ಅದರ ಸ್ಥಾನ ಎದೆಯ ಬದಲಿಗಲ್ಲ, ಎದೆ ಸಿಗದ ಹೊತ್ತಿಗೆ. ಹೊಸ ಸಾಧನದ ಹೆಮ್ಮೆಯಲ್ಲಿ ಈ ಮಿತಿ ಮರೆತರೆ ಮಗುವಿಗೆ ನಷ್ಟ.

ಇಂಥದ್ದೇ ಇನ್ನೊಂದು ಕಥೆ ಆಫ್ರಿಕಾದ ಮಲಾವಿಯದು. ಅಲ್ಲಿನ ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಆಸ್ಪತ್ರೆಯ ಮಕ್ಕಳ ವೈದ್ಯರು ಅಮೆರಿಕದ ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಅಧ್ಯಾಪಕರ ಮುಂದೆ ಇಟ್ಟ ಬೇಡಿಕೆ ಉಸಿರಿಗೆ ಸಂಬಂಧಿಸಿದ್ದು. ದಿನ ತುಂಬದ ಮಕ್ಕಳ ಶ್ವಾಸಕೋಶದ ಗಾಳಿಗೂಡುಗಳು ಒಂದಕ್ಕೊಂದು ಅಂಟಿಕೊಂಡು ಮುಚ್ಚಿಹೋಗುತ್ತವೆ. ಅವನ್ನು ತೆರೆದಿಡುವ ಜಿಡ್ಡಿನಂಥ ದ್ರವ ಇನ್ನೂ ಸಾಕಷ್ಟು ಹುಟ್ಟಿರುವುದಿಲ್ಲ. ಮೂಗಿನ ಮೂಲಕ ಸದಾ ಹಿತವಾದ ಒತ್ತಡದಲ್ಲಿ ಗಾಳಿ ಊದುತ್ತಿದ್ದರೆ ಗೂಡುಗಳು ಮುಚ್ಚುವುದಿಲ್ಲ. ಒತ್ತಡವನ್ನು ಅಳೆದು ನಿಲ್ಲಿಸುವ ಉಪಾಯ ಎಷ್ಟು ಸರಳವೆಂದರೆ, ಗಾಳಿ ಹೊರಹೋಗುವ ಕೊಳವೆಯ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದರಾಯಿತು. ಆರು ಸೆಂಟಿಮೀಟರ್ ಆಳಕ್ಕೆ ಮುಳುಗಿಸಿದರೆ ಆರು ಸೆಂಟಿಮೀಟರ್ ನೀರಿನ ಒತ್ತಡ. ಗುಳ್ಳೆ ಏಳುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು ದೂರದಿಂದಲೇ ತಿಳಿಯುತ್ತದೆ. ಆಸ್ಪತ್ರೆಗಳಲ್ಲಿ ಇದನ್ನು ಬಬಲ್ ಸಿಪ್ಯಾಪ್ ಎನ್ನುತ್ತಾರೆ.

ಸಿದ್ಧ ಯಂತ್ರದ ಬೆಲೆ ಆಗ ಸುಮಾರು 6,000 ಡಾಲರ್. ರೈಸ್‌ನ ಕೊನೆಯ ವರ್ಷದ ವಿದ್ಯಾರ್ಥಿಗಳು ಮೀನಿನ ತೊಟ್ಟಿಗೆ ಗಾಳಿ ಊದುವ ಪಂಪುಗಳನ್ನು ತಂದು, ಷೂ ಇಡುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಜೋಡಿಸಿ ಮೊದಲ ಮಾದರಿ ಮಾಡಿದರು. ಒತ್ತಡ ದುಬಾರಿ ಯಂತ್ರದಷ್ಟೇ ಸರಿಯಾಗಿತ್ತು, ಖರ್ಚು ಸುಮಾರು ಹದಿನೈದು ಪಟ್ಟು ಕಡಿಮೆ. ಅದೇ ಮುಂದೆ 'ಪುಮಾನಿ' ಎಂಬ ಹೆಸರಿನಲ್ಲಿ ತಯಾರಾಯಿತು. ಬ್ಲಾಂಟೈರ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ ಬರೀ ಆಮ್ಲಜನಕ ಕೊಟ್ಟ ಮಕ್ಕಳಲ್ಲಿ ನೂರಕ್ಕೆ 44 ಉಳಿದರೆ, ಈ ಯಂತ್ರದ ನೆರವು ಪಡೆದವರಲ್ಲಿ 71 ಉಳಿದರು. ವಿದ್ಯಾರ್ಥಿ ತಂಡದಲ್ಲಿದ್ದ ಜೋಸೆಲಿನ್ ಬ್ರೌನ್ ಪದವಿ ಪಡೆದ ಮೇಲೂ ಇದನ್ನು ಬಿಡದೆ ಮಲಾವಿಯ ಕೆಲಸದಲ್ಲೇ ಮುಂದುವರಿದರು. ಯಂತ್ರ ವಾರ್ಡಿನವರೆಗೆ ತಲುಪಿದ್ದರಲ್ಲಿ ಆ ಹಟದ ಪಾಲು ಪಂಪಿನ ಜಾಣತನಕ್ಕಿಂತ ಕಡಿಮೆಯದಲ್ಲ.

ಆದರೆ ಅದೇ ಮಲಾವಿಯಿಂದ 2019ರಲ್ಲಿ ಬೇರೆ ಸುದ್ದಿಯೂ ಬಂತು. ದಿನವೂ ವೈದ್ಯರಿಲ್ಲದ ಜಿಲ್ಲಾ ಆಸ್ಪತ್ರೆಯೊಂದರಲ್ಲಿ, ತೀವ್ರ ನ್ಯುಮೋನಿಯಾದ ಜೊತೆಗೆ ಎಚ್‌ಐವಿಯ ಬಾಧೆ, ಅಪೌಷ್ಟಿಕತೆಯಂಥ ಅಪಾಯಗಳಿದ್ದ ಒಂದು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಬಬಲ್ ಸಿಪ್ಯಾಪ್ ಕೊಟ್ಟು ನೋಡಿದರು. ಬರೀ ಆಮ್ಲಜನಕ ಪಡೆದವರಲ್ಲಿ ನೂರಕ್ಕೆ 11 ಮಕ್ಕಳು ಸತ್ತರೆ, ಸಿಪ್ಯಾಪ್ ಪಡೆದವರಲ್ಲಿ 17 ಸತ್ತರು. ತತ್ತ್ವ ಅದೇ, ಗುಳ್ಳೆಗಳೂ ಅವೇ. ಬದಲಾಗಿದ್ದು ಮಕ್ಕಳ ವಯಸ್ಸು, ಕಾಯಿಲೆ ಮತ್ತು ಪಕ್ಕದಲ್ಲಿ ನಿಂತು ನೋಡಿಕೊಳ್ಳುವವರು. ಯಂತ್ರ ಕೊಂಡು ಹಂಚಿ ಫೋಟೊ ತೆಗೆಸಿಕೊಳ್ಳುವ ಆರೋಗ್ಯ ಯೋಜನೆಗಳು ಈ ಎರಡು ಅಧ್ಯಯನಗಳನ್ನೂ ಒಟ್ಟಿಗೆ ಓದಬೇಕು. ಯಾವ ಮಗುವಿಗೆ ಹಚ್ಚಬೇಕು, ಯಾವಾಗ ತೆಗೆಯಬೇಕು ಎಂದು ನರ್ಸ್‌ಗಳಿಗೆ ಕಲಿಸುವುದು ಸಾಧನದ ಜೊತೆ ಬರುವ ಉಪಚಾರವಲ್ಲ, ಸಾಧನದ ಅರ್ಧಭಾಗವೇ ಅದು.

ಕಲಿಕೆಯ ಮಾತು ಬಂದಿದ್ದರಿಂದ ಲಂಡನ್ನಿನ ಒಬ್ಬ ಹುಡುಗನ ಪ್ರಸ್ತಾಪ ಮಾಡಬೇಕು. ಸೇಂಟ್ ಜಾರ್ಜಸ್ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಮಲೋನ್ ಮುಕ್ವೆಂಡೆಗೆ ಪಾಠ ಕೇಳುವಾಗಲೆಲ್ಲ ಒಂದೇ ಅನುಮಾನ: ಈ ಕೆಂಪು ಗಂಧೆ, ಈ ನೀಲಿ ಛಾಯೆ ನನ್ನಂಥ ಕಪ್ಪು ಚರ್ಮದವರ ಮೇಲೆ ಹೇಗೆ ಕಾಣುತ್ತದೆ? ಪುಸ್ತಕದ ಚಿತ್ರಗಳೆಲ್ಲ ಬಿಳಿ ಚರ್ಮದವು. ಇಬ್ಬರು ಅಧ್ಯಾಪಕರ ಜೊತೆ ಸೇರಿ ಆತ 2020ರಲ್ಲಿ ಹೊರತಂದ 'ಮೈಂಡ್ ದ ಗ್ಯಾಪ್' ಎಂಬ ಕೈಪಿಡಿಯಲ್ಲಿ ಒಂದೇ ಕಾಯಿಲೆಯ ಗುರುತು ಬೇರೆ ಬೇರೆ ಮೈಬಣ್ಣಗಳಲ್ಲಿ ಹೇಗೆ ಕಾಣುತ್ತದೆಂಬ ಚಿತ್ರಗಳಿವೆ. ಇದರಲ್ಲಿ ಯಂತ್ರವಿಲ್ಲ, ಪೇಟೆಂಟ್ ಇಲ್ಲ. ಆದರೂ ಹಸುಗೂಸಿನ ವಾರ್ಡಿನವರೆಗೂ ಇದರ ಬೇರು ಹೋಗುತ್ತದೆ. ಹುಟ್ಟಿದ ಮಗುವಿಗೆ ಜಗತ್ತಿನಾದ್ಯಂತ ಕೊಡುವ ಆಪ್ಗರ್ ಅಂಕವನ್ನು ಡಾ. ವರ್ಜೀನಿಯಾ ಆಪ್ಗರ್ 1953ರಲ್ಲಿ ಪ್ರಕಟಿಸಿದಾಗ, ಮೈಬಣ್ಣ ಗುಲಾಬಿಯಿದ್ದರೆ ಆ ಭಾಗಕ್ಕೆ ಪೂರ್ಣ ಅಂಕ ಎಂದಿತ್ತು. ಕಪ್ಪು, ಕಂದು ಮಕ್ಕಳಲ್ಲಿ ಆ ಅಂಕ, ನೀಲಿಗಟ್ಟುವಿಕೆ, ಕಾಮಾಲೆ ಇವನ್ನು ಗುರುತಿಸುವ ಕ್ರಮದಲ್ಲಿ ತೊಡಕಿದೆ ಎಂದು ಬ್ರಿಟನ್ನಿನ ಆರೋಗ್ಯ ವ್ಯವಸ್ಥೆಯ ಜನಾಂಗ ಮತ್ತು ಆರೋಗ್ಯ ವೀಕ್ಷಣಾಲಯ 2023ರ ವರದಿಯಲ್ಲಿ ಎತ್ತಿ ಹೇಳಿತು. ನಮ್ಮ ಹಳೆಯ ನರ್ಸಮ್ಮಂದಿರು ಮಗುವಿನ ತುಟಿ, ನಾಲಗೆ, ಅಂಗೈ ನೋಡಿ ಹೇಳುವುದನ್ನು ಯಾವ ಪುಸ್ತಕದಿಂದ ಕಲಿತರೋ ಗೊತ್ತಿಲ್ಲ.

ವಿದ್ಯಾರ್ಥಿಗಳು ವೈದ್ಯವಿಜ್ಞಾನವನ್ನು ಮುಂದೊತ್ತಿದ್ದು ಇದೇ ಮೊದಲಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್‌ನ ಮೊದಲ ಸುಳಿವು 1916ರಲ್ಲಿ ಸಿಕ್ಕಿದ್ದು ಜಾನ್ಸ್ ಹಾಪ್ಕಿನ್ಸ್‌ನ ವಿದ್ಯಾರ್ಥಿ ಜೇ ಮೆಕ್ಲೀನ್‌ಗೆ. 1921ರ ಬೇಸಿಗೆಯಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಜೊತೆ ಇನ್ಸುಲಿನ್ ಹುಡುಕಿದ ಚಾರ್ಲ್ಸ್ ಬೆಸ್ಟ್ ಆಗಷ್ಟೇ ಪದವಿ ಮುಗಿಸಿದ್ದ ಇಪ್ಪತ್ತೆರಡರ ಹುಡುಗ. ನೊಬೆಲ್ ಬಂದಾಗ ಬೆಸ್ಟ್ ಹೆಸರಿರಲಿಲ್ಲ. ಬ್ಯಾಂಟಿಂಗ್ ತಮ್ಮ ಪಾಲಿನ ಹಣದಲ್ಲಿ ಅರ್ಧ ಹಂಚಿಕೊಂಡರು. ಅವರೆಲ್ಲ ಹಿರಿಯರ ಪ್ರಯೋಗಾಲಯದಲ್ಲಿ ದುಡಿದವರು. ಈಗಿನವರ ದಾರಿ ಸ್ವಲ್ಪ ಬೇರೆ, ಅವರ ಪ್ರಶ್ನೆ ಹುಟ್ಟುವುದು ವಾರ್ಡಿನಲ್ಲಿ, ಹಳ್ಳಿಯಲ್ಲಿ.

ಇನ್ನೂ ಒಂದು ಬಗೆಯ ವಿದ್ಯಾರ್ಥಿಗಳಿದ್ದಾರೆ. ಪತ್ರಿಕೆಗಳು ಅವರ ಬಗ್ಗೆ ಬರೆಯುವುದೇ ಇಲ್ಲ, ಏಕೆಂದರೆ ಅವರು ಹೊಸದೇನನ್ನೂ ಕಂಡುಹಿಡಿಯುವುದಿಲ್ಲ. ರಿಪೇರಿ ಮಾಡುತ್ತಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ಮಾಲ್ಕಿನ್ 2011ರಲ್ಲಿ ಸಹಲೇಖಕರೊಡನೆ ಪ್ರಕಟಿಸಿದ ಲೆಕ್ಕದ ಪ್ರಕಾರ, ಬಡದೇಶಗಳ ಆಸ್ಪತ್ರೆಗಳ ವೈದ್ಯಕೀಯ ಯಂತ್ರಗಳಲ್ಲಿ ನೂರಕ್ಕೆ ಸುಮಾರು 38 ಕೆಲಸ ಮಾಡುತ್ತಿರಲಿಲ್ಲ. ರಜೆಯಲ್ಲಿ ಅಂಥ ಆಸ್ಪತ್ರೆಗಳಿಗೆ ಹೋಗುತ್ತಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತಿತರ ಸ್ವಯಂಸೇವಕರು ಬರೆದಿಟ್ಟ ದಾಖಲೆಗಳನ್ನು ಕೂಡಿಸಿ ನೋಡಿದಾಗ, ಕೆಟ್ಟಿದ್ದ ಯಂತ್ರಗಳಲ್ಲಿ ನೂರಕ್ಕೆ 72ನ್ನು ಹೊರದೇಶದಿಂದ ಬಿಡಿಭಾಗ ತರಿಸದೆಯೇ ಮತ್ತೆ ಓಡುವಂತೆ ಮಾಡಲಾಗಿತ್ತು. ಕೆಟ್ಟ ಪ್ಲಗ್, ಸುಟ್ಟ ಫ್ಯೂಸ್, ಕಟ್ಟಿಕೊಂಡ ಪೈಪ್, ಸತ್ತ ಬ್ಯಾಟರಿ ಇಂಥವೇ ಹೆಚ್ಚು. ಇಲ್ಲಿ ಬೇಕಿದ್ದದ್ದು ಪ್ರತಿಭೆಗಿಂತ ಸ್ಕ್ರೂಡ್ರೈವರ್ ಮತ್ತು ತಾಳ್ಮೆ. ನನ್ನ ಮಟ್ಟಿಗೆ ಬಹುಮಾನ ಗೆಲ್ಲುವ ಎಷ್ಟೋ ಮಾದರಿಗಳಿಗಿಂತ ಇದು ದೊಡ್ಡ ಕೆಲಸ.

ನಮ್ಮಲ್ಲಿ ಇದಕ್ಕೆಲ್ಲ ಬೇಕಾದ ಚೌಕಟ್ಟು ಇಲ್ಲವೆಂದಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ 1977ರಿಂದಲೂ ಹಣ ಕೊಡುತ್ತ ಬಂದಿದೆ. ಎಂಬಿಬಿಎಸ್ ಹುಡುಗರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಎರಡು ತಿಂಗಳ ಕಿರು ಸಂಶೋಧನೆಯ ಅವಕಾಶ ದಶಕಗಳಿಂದ ಇದೆ. ಈಗ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಠ್ಯಕ್ರಮದಲ್ಲಿ ಪ್ರತಿ ವಿದ್ಯಾರ್ಥಿಯೂ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಮನೆಗೆ ಹೋಗಿಬರಬೇಕು. ಮಣಿಪಾಲ, ಬೆಳಗಾವಿ, ಮಂಗಳೂರಿನಂಥ ಕಡೆ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಊರಿನಲ್ಲಿವೆ. ಬೆಂಗಳೂರಿನ ಕೋಯೊ ಲ್ಯಾಬ್ಸ್‌ನವರ 'ಸಾಂಸ್' ಎಂಬ ಉಸಿರಿನ ಸಾಧನ, ಕರೆಂಟ್ ಹೋದರೆ ಕೈಯಲ್ಲೇ ನಡೆಸಬಹುದಾದದ್ದು, ಇಲ್ಲಿಯೇ ರೂಪುಗೊಂಡಿದೆ.

ಕೊರತೆ ಇರುವುದು ಬೇರೆ ಕಡೆ. ನಮ್ಮ ಪ್ರಾಜೆಕ್ಟಿಗೆ ಆಯುಸ್ಸು ಒಂದು ವರ್ಷ. ವೈವಾ ಮುಗಿದ ದಿನ ಮಾದರಿ ಕಪಾಟು ಸೇರುತ್ತದೆ, ಹುಡುಗರು ಕೆಲಸ ಹುಡುಕಿ ಹೋಗುತ್ತಾರೆ, ಮುಂದಿನ ಬ್ಯಾಚಿಗೆ 'ಹೊಸ' ಶೀರ್ಷಿಕೆಯೇ ಬೇಕು. ಎಂಬ್ರೇಸ್‌ನ ಅಂಕಿಪಟ್ಟಿಯ ತಪ್ಪು ಗೊತ್ತಾದದ್ದು ತರಗತಿ ಮುಗಿದ ಮೇಲೆ. ಮೀನಿನ ತೊಟ್ಟಿಯ ಪಂಪು ಯಂತ್ರವಾದದ್ದು ಅದನ್ನು ಕಟ್ಟಿದವರು ಪದವಿ ಪಡೆದ ಮೇಲೆ. ಕುಟುಂಬ ದತ್ತು ಕೂಡ ಲಾಗ್‌ಬುಕ್ ತುಂಬಿಸುವ ಕೆಲಸವಾಗಿಬಿಟ್ಟರೆ, ಅರ್ಧ ಚಮಚ ಔಷಧದ ಸತ್ಯ ಹೇಳುವ ತಾಯಿ ಎದುರಿಗೇ ಕೂತಿದ್ದರೂ ಯಾರಿಗೂ ಕೇಳಿಸುವುದಿಲ್ಲ.

ಹಾಗಾಗಿ ಕಾಲೇಜುಗಳ ಪ್ರಾಜೆಕ್ಟ್ ಗೈಡುಗಳಲ್ಲಿ ಒಂದು ವಿನಂತಿ. ಈ ವರ್ಷ ಒಂದು ತಂಡಕ್ಕಾದರೂ ಹೊಸ ವಿಷಯ ಕೊಡಬೇಡಿ. ಹಿಂದಿನ ಬ್ಯಾಚು ಕಪಾಟಿನಲ್ಲಿಟ್ಟು ಹೋದ ಒಂದು ಒಳ್ಳೆಯ ಮಾದರಿಯನ್ನು ಹೊರತೆಗೆದು, ಹತ್ತಿರದ ತಾಲ್ಲೂಕು ಆಸ್ಪತ್ರೆಯ ವೈದ್ಯರ ಒಪ್ಪಿಗೆ ಪಡೆದು, ಅಲ್ಲಿನ ನರ್ಸ್‌ಗಳ ಮುಂದಿಡಲು ಹೇಳಿ. ಅವರು ತೋರಿಸುವ ತಪ್ಪುಗಳನ್ನು ತಿದ್ದುವುದೇ ಆ ತಂಡದ ಪ್ರಾಜೆಕ್ಟ್ ಆಗಲಿ, ಅದಕ್ಕೂ ಪೂರ್ತಿ ಅಂಕ ಕೊಡಿ.